ಅಪ್ಪನ ಫೈಲು ಅಪ್ಪನ ಕೈಲಿ

ನಮ್ಮ ಕಡೆ ಕ್ಯಾನ್ಸರ್ ಅನ್ನೋ ಪದವನ್ನ ಯಾರೂ ಬಾಯಿಬಿಟ್ಟು ಹೇಳಲ್ಲ. "ಆ ಕಾಯಿಲೆ" ಅಂತಾರೆ. ಇಲ್ಲಾ "ಕಿದ್ವಾಯಿಗೆ ತೋರಿಸ್ತಾವ್ರಂತೆ" ಅಂತ ದನಿ ಇಳಿಸಿ ಹೇಳ್ತಾರೆ. ಅಷ್ಟಕ್ಕೇ ಎದುರಿನವರಿಗೆ ಎಲ್ಲಾ ಅರ್ಥವಾಗುತ್ತೆ. 1973ರಲ್ಲಿ ಬೆಂಗಳೂರಲ್ಲಿ ಶುರುವಾದ ಆಸ್ಪತ್ರೆ ಹೆಸರು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹಳ್ಳಿಗಳಲ್ಲಿ ಕಾಯಿಲೆಯ ಹೆಸರೇ ಆಗಿಹೋಗಿದೆ.

ಹಿಂದಿನ ಒಂದು ಅಂಕಣದಲ್ಲಿ ಅಪ್ಪನ ಚಿಕಿತ್ಸೆ ಬಗ್ಗೆ ಎರಡೇ ಸಾಲು ಬರೆದಿದ್ದೆ. ಯಾವ ಆಸ್ಪತ್ರೆ, ಎಷ್ಟು ಖರ್ಚಾಯ್ತು ಅಂತ ಕೇಳ್ತಾರೆ ಅಂದುಕೊಂಡಿದ್ದೆ. ಬಂದ ಮೆಸೇಜುಗಳಲ್ಲಿ ಹೆಚ್ಚಿನವು ಕೇಳಿದ್ದು ಬೇರೆಯದೇ: "ನಿಮ್ಮಪ್ಪನಿಗೆ ಹೇಳಿದ್ರಾ?" ಕೇಳಿದವರೆಲ್ಲ ನನ್ನ ವಯಸ್ಸಿನವರೇ. ಬೆಂಗಳೂರಲ್ಲೋ ಪುಣೆಯಲ್ಲೋ ಕೆಲಸ, ಊರಲ್ಲಿ ಅಪ್ಪ ಅಮ್ಮ, ಕೈಯಲ್ಲಿ ಒಂದು ಬಯಾಪ್ಸಿ ರಿಪೋರ್ಟು. ಅದಕ್ಕೇ ಈ ಸಲ ಇದಿಷ್ಟೇ ವಿಷಯ.

ನಮ್ಮದು ಕಿಬ್ಬನಹಳ್ಳಿ ಕ್ರಾಸಿಂದ ಚಿಕ್ಕನಾಯಕನಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಮೂರೂವರೆ ಎಕರೆ ತೆಂಗು, ನಡುನಡುವೆ ಒಂದಿಷ್ಟು ಅಡಿಕೆ. ಅಪ್ಪನಿಗೆ ಆಗ ಅರವತ್ತೊಂದು. ಹದಿನೈದನೇ ವಯಸ್ಸಿನಿಂದ ಎಲೆ, ಅಡಿಕೆ, ಕಡ್ಡಿಪುಡಿ. 2023ರ ಮಳೆಗಾಲದಲ್ಲಿ ಎಡಗೆನ್ನೆ ಒಳಗೆ ಒಂದು ಹುಣ್ಣು. ಮೆಡಿಕಲ್ ಶಾಪಿನ ಮುಲಾಮು, ಆಮೇಲೆ ಬಿ ಕಾಂಪ್ಲೆಕ್ಸ್ ಮಾತ್ರೆ. ಮುದ್ದೆಯನ್ನ ದಿನದಿನಕ್ಕೂ ಸಣ್ಣ ತುತ್ತು ಮಾಡಿ ನುಂಗ್ತಿದ್ದಾರೆ ಅಂತ ಗಮನಿಸಿದ್ದು ಅಮ್ಮ. ಒಂದು ಹಲ್ಲು ಅಲುಗಾಡಿದಾಗ ತಿಪಟೂರಿನ ಹಲ್ಲಿನ ಡಾಕ್ಟರು ಬಾಯಿ ನೋಡಿದವರೇ ಹಲ್ಲು ಕೀಳಲಿಲ್ಲ, ಚೀಟಿ ಬರೆದುಕೊಟ್ಟು ಕಳಿಸಿದರು.

ಹೊಗೆಸೊಪ್ಪು ಕೆಟ್ಟದ್ದು, ಬರೀ ಅಡಿಕೆ ಏನೂ ಮಾಡಲ್ಲ ಅನ್ನೋ ಮಾತು ನಮ್ಮ ಕಡೆ ಬಹಳ. ತೋಟದಲ್ಲಿ ಬೆಳೆಯೋದನ್ನ ಬೈಯ್ಯೋಕೆ ಯಾರಿಗೂ ಮನಸ್ಸು ಬರಲ್ಲ, ನನಗೂ ಅಷ್ಟೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲೇ ಅಡಿಕೆಯನ್ನ, ಹೊಗೆಸೊಪ್ಪು ಸೇರಿಸದಿದ್ದರೂ, ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿ ಪ್ರಕಟಿಸಿದೆ. ಇದನ್ನ ಊರಲ್ಲಿ ಹೇಳಿದರೆ ಜಗಳವೇ ಆಗುತ್ತೆ. ಹೇಳಿದ್ದೀನಿ, ಆಗಿದೆ.

ರಿಪೋರ್ಟು ಮೊದಲು ಬಂದಿದ್ದು ನನ್ನ ಮೊಬೈಲಿಗೆ. ಅದೇ ಸಂಜೆ ಚಿಕ್ಕಪ್ಪನ ಮನೆಯಲ್ಲಿ ಸಭೆ. ಚಿಕ್ಕಪ್ಪ, ಸೋದರಮಾವ, ದೊಡ್ಡಮ್ಮ, ನಾನು, ತಮ್ಮ, ಅಮ್ಮ. ಅಪ್ಪ ಇಲ್ಲ. ಅಷ್ಟರಲ್ಲಿ ದೊಡ್ಡಮ್ಮನ ಮಗ ಒಂದು ವಾಟ್ಸಾಪ್ ಗ್ರೂಪ್ ಬೇರೆ ಮಾಡಿಬಿಟ್ಟಿದ್ದ, ಅದರಲ್ಲೂ ಎಲ್ಲರೂ ಇದ್ದರು, ಅಪ್ಪ ಒಬ್ಬರನ್ನ ಬಿಟ್ಟು. ಚಿಕ್ಕಪ್ಪ ಬಾಗಿಲು ಹಾಕ್ಕೊಂಡು ಬಂದು, "ಅಣ್ಣಂಗೆ ಮಾತ್ರ ಹೇಳ್ಬೇಡಿ. ಎದೆ ಒಡ್ಕೊಂಡ್ಬಿಡ್ತಾರೆ. ಗೆಡ್ಡೆ ಐತೆ, ತೆಗೀತಾರೆ ಅಂದ್ರೆ ಸಾಕು" ಅಂದರು. ಮಾವ ಅದಕ್ಕೆ ಸರಿ ಅಂದರು. ಚಿಕ್ಕಪ್ಪನ ಕಣ್ಣಲ್ಲಿ ನೀರಿತ್ತು. ಹೀಗೆ ಮುಚ್ಚಿಡೋರು ಕೆಟ್ಟವರಲ್ಲ. ನಮ್ಮಲ್ಲಿ ಪ್ರೀತಿ ಇರೋ ಮನೆಗಳಲ್ಲೇ ಹೆಚ್ಚು ಮುಚ್ಚಿಡೋದು.

ಅಮ್ಮ ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಕೊನೆಗೆ, "ಅವ್ರ ಬಾಯಿ ಅದು. ಅವ್ರಿಗೆ ಗೊತ್ತಾಗ್ದೆ ಇರ್ತದಾ?" ಅಂದರು.

ನನಗೆ ಅದಕ್ಕಿಂತ ಬೇರೆ ವಾದ ಬೇಕಿರಲಿಲ್ಲ. ಆಪರೇಷನ್ ಅಂದರೆ ದವಡೆ ಮೂಳೆ ತೆಗೆಯಬಹುದು ಅಂತ ಹಲ್ಲಿನ ಡಾಕ್ಟರೇ ಸೂಚನೆ ಕೊಟ್ಟಿದ್ದರು. ಮುಖ ಬದಲಾಗುತ್ತೆ, ಮಾತು ಬದಲಾಗುತ್ತೆ. ಬೆಳಿಗ್ಗೆ ಎದ್ದು ಕನ್ನಡಿ ನೋಡಿಕೊಳ್ಳೋ ಮನುಷ್ಯನಿಗೆ "ಗೆಡ್ಡೆ ಇತ್ತು" ಅಂತ ಎಷ್ಟು ದಿನ ಹೇಳೋದು? ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವರೂ ಅವರೇ.

ಮಾರನೇ ದಿನ ತೋಟದ ಪಂಪ್‌ಹೌಸ್ ಹತ್ತಿರ ಅಪ್ಪ ಒಬ್ಬರೇ ಸಿಕ್ಕರು. "ಅಪ್ಪಾ, ರಿಪೋರ್ಟ್ ಬಂದಿದೆ. ನಿಮ್ ಮುಂದೆ ಓದ್ಲಾ, ಇಲ್ಲಾ ನಾವೇ ನೋಡ್ಕೊಳ್ಳೋದಾ?" ಅಂದೆ. ಹೀಗೆ ಕೇಳೋದು ಮುಖ್ಯ ಅಂತ ನನಗೆ ಈಗಲೂ ಅನ್ನಿಸುತ್ತೆ. ಕೆಲವರಿಗೆ ಪೂರ್ತಿ ತಿಳಿಯೋದು ಬೇಡ, "ನೀವೇ ನೋಡ್ಕೊಳ್ಳಿ" ಅಂತಾರೆ. ಅದೂ ಅವರದೇ ತೀರ್ಮಾನ. ಅಪ್ಪ ಹಾಗನ್ನಲಿಲ್ಲ. "ಅಟ್ಟದ್ ಮ್ಯಾಲಿನ್ ಕಾಯ್ನ ಅಲ್ಲಾಡ್ಸುದ್ರೆ ಒಳಗೆ ನೀರೈತಾ ಕೊಬ್ರಿಯಾಗೈತಾ ಅಂತ ಗೊತ್ತಾಯ್ತದೆ ಮಗ. ನೆನ್ನೆಯಿಂದ ನಿಮ್ ಮುಖಗಳ್ನ ನೋಡ್ತಾ ಇವ್ನಿ. ಓದು" ಅಂದರು.

ಓದಿದೆ. ಕ್ಯಾನ್ಸರ್ ಅನ್ನೋ ಪದವನ್ನೂ ಹೇಳಿದೆ.

ಎರಡು ದಿನ ಅಪ್ಪ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಬೆಳಿಗ್ಗೆ ತೋಟಕ್ಕೆ ಹೋದವರು ಕತ್ತಲಾದ ಮೇಲೆ ಬರೋರು. ಚಿಕ್ಕಪ್ಪ ನನ್ನ ಮುಖ ನೋಡಲಿಲ್ಲ. "ಎಲ್ಲಾದ್ರೂ ಏನಾದ್ರೂ ಮಾಡ್ಕೊಂಡ್ರೆ?" ಅಂತ ಮಾವ ಫೋನಲ್ಲಿ ಬೈದರು. ತಮ್ಮ ಅಪ್ಪನಿಗೆ ಗೊತ್ತಾಗದ ಹಾಗೆ ದೂರದಲ್ಲಿ ಓಡಾಡ್ತಿದ್ದ. ಆ ಎರಡು ದಿನ ಸಲೀಸಾಗಿ ಕಳೀತು ಅಂತ ನಾನು ಯಾರಿಗೂ ಹೇಳಲ್ಲ.

ಮೂರನೇ ದಿನ ಕಾಯಿ ಕೆಡವಿದ ಲೆಕ್ಕ ಬರೆಯೋ ಉದ್ದನೆ ನೋಟ್‌ಬುಕ್ ತಗೊಂಡು ಕೂತರು. ಹಿಂಬದಿಯ ಹಾಳೆಯಲ್ಲಿ ಐದು ಪ್ರಶ್ನೆ ಬರೆದರು. ಮಾತು ಉಳೀತದಾ. ಮುದ್ದೆ ಉಣ್ಣಬಹುದಾ. ಎಷ್ಟು ದಿನಕ್ಕೆ ಊರಿಗೆ ಬರಬಹುದು. ದುಡ್ಡು ಎಷ್ಟು. ಆಪರೇಷನ್ ಮಾಡಿಸದಿದ್ರೆ ಏನಾಗ್ತದೆ.

ಕಿದ್ವಾಯಿ ಇರೋದು ನಿಮ್ಹಾನ್ಸ್ ಪಕ್ಕ. ಬೆಳಿಗ್ಗೆ ಕತ್ತಲಿರುವಾಗಲೇ ಊರು ಬಿಟ್ಟು ಹೋಗಿದ್ವಿ. ರಾಯಚೂರು, ಬಳ್ಳಾರಿ, ಆಂಧ್ರ ಎಲ್ಲಾ ಕಡೆಯವರೂ ಅಲ್ಲಿದ್ದರು. ಸ್ಕ್ಯಾನ್ ಎಲ್ಲಾ ಮುಗಿದ ಮೇಲೆ ಡಾಕ್ಟರು ಅಭ್ಯಾಸದಂತೆ ನನ್ನ ಕಡೆ ತಿರುಗಿ ಇಂಗ್ಲಿಷಲ್ಲಿ ಶುರು ಮಾಡಿದರು. ಅಪ್ಪ ನೋಟ್‌ಬುಕ್ ತೆಗೆದು, "ನನ್ಗೇ ಹೇಳಿ ಸಾರ್" ಅಂದರು. ಆ ಡಾಕ್ಟರು ನಿಜಕ್ಕೂ ಒಳ್ಳೆಯವರು, ಕುರ್ಚಿ ತಿರುಗಿಸಿಕೊಂಡು ಕೂತು ಒಂದು ಚೀಟಿ ಹಿಂದೆ ದವಡೆಯ ಚಿತ್ರ ಬರೆದು ತೋರಿಸಿದರು.

ಗಡ್ಡೆ ಮೂಳೆಗೆ ಹೋಗಿತ್ತು. ಅವರು ಹೇಳಿದ ಹಂತ "ನಾಲ್ಕು ಎ". ನಾಲ್ಕು ಅಂದಿದ್ದೇ ನನ್ನ ಕಾಲ ಕೆಳಗೆ ನೆಲ ಜಾರಿದ ಹಾಗಾಯ್ತು. ಗೂಗಲ್ ಮಾಡಿದವರಿಗೆಲ್ಲ ಗೊತ್ತಿರುತ್ತೆ, ನಾಲ್ಕನೇ ಹಂತ ಅಂದ್ರೆ ಮುಗೀತು ಅಂತಲೇ ಎಲ್ಲರೂ ಅಂದುಕೊಳ್ಳೋದು. ಬಾಯಿಯ ಕ್ಯಾನ್ಸರಲ್ಲಿ ಹಾಗಲ್ಲ. ದವಡೆ ಮೂಳೆ ಒಳಕ್ಕೆ ಇಳಿದಿದ್ದರೆ ಅದನ್ನ ನಾಲ್ಕು ಎ ಅಂತಾರೆ. ದೂರದ ಅಂಗಗಳಿಗೆ ಹರಡಿಲ್ಲದಿದ್ದರೆ ಆಪರೇಷನ್ ಮಾಡಿ, ಆಮೇಲೆ ರೇಡಿಯೇಷನ್ ಕೊಟ್ಟು, ವಾಸಿ ಮಾಡೋ ಉದ್ದೇಶದಿಂದಲೇ ಚಿಕಿತ್ಸೆ ಮಾಡ್ತಾರೆ. ಈ ಒಂದು ವಿಷಯ ಆ ದಿನ ಅಪ್ಪನ ಕಿವಿಗೆ ನೇರವಾಗಿ ಬಿತ್ತು. ನಾವು ಬಾಗಿಲ ಹೊರಗೆ ನಿಂತು ಪಿಸುಗುಟ್ಟಿದ್ದರೆ ಅಪ್ಪನಿಗೆ ಕೇಳ್ತಿದ್ದದ್ದು ಆ "ನಾಲ್ಕು" ಒಂದೇ.

ಇನ್ನು ದುಡ್ಡು. ನನಗೆ ಕೆಲಸ ಸಿಕ್ಕ ಮೇಲೆ ನಮ್ಮ ಕಾರ್ಡು ಎಪಿಎಲ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಮಾತ್ರ ಸರ್ಕಾರದ್ದು, ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ. ನಮ್ಮ ಕಂಪನಿಯ ವಿಮೆ ತಂದೆ-ತಾಯಿಗೆ ಇಲ್ಲ. ನಿಮ್ಮದರಲ್ಲಿ ಇದೆಯಾ ಅಂತ ಈ ಅಂಕಣ ಓದಿ ಮುಗಿಸೋ ಮುಂಚೆ ಬೇಕಾದರೂ ನೋಡಿಕೊಂಡು ಬನ್ನಿ.

ತೆಂಗಿನ ಸೀಮೆಯವರ ಬ್ಯಾಂಕು ಅಂದರೆ ಅಟ್ಟ. ಗೊತ್ತಿಲ್ಲದವರಿಗೆ ಹೇಳ್ತೀನಿ: ಉಂಡೆ ಕೊಬ್ಬರಿಗೆ ಬಲಿತ ಕಾಯನ್ನ ಅಟ್ಟದ ಮೇಲೆ ಹತ್ತರಿಂದ ಹನ್ನೆರಡು ತಿಂಗಳು ಬಿಡಬೇಕು. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಡಬೇಕು. ಆಮೇಲೆ ಸುಲಿಸಿ, ಒಡೆಸಿ, ಮಾರೋದು. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯಲ್ಲಿ ದರ ಎಂಟು ಸಾವಿರದ ಆಸುಪಾಸಿಗೆ ಬಿದ್ದಿತ್ತು. ರೈತರು ರಸ್ತೆಗಿಳಿದಿದ್ದ ವರ್ಷ ಅದು. "ಎಲ್ಲಾ ಒಡೆಸಿ ಮಾರಿಬಿಡೋಣ, ಇನ್ನೇನು ನೋಡೋದು" ಅಂತ ಚಿಕ್ಕಪ್ಪ.

ಅಪ್ಪ ಬೇಡ ಅಂದರು. ಅಟ್ಟ ಹತ್ತಿಸಿ, ಮೂಲೆಮೂಲೆಯಿಂದ ಕಾಯಿ ತರಿಸಿ ಕಿವಿ ಹತ್ತಿರ ಅಲ್ಲಾಡಿಸಿ ನೋಡಿ, ಯಾವ ಭಾಗ ಆಗಿದೆ, ಯಾವುದು ಇನ್ನೂ ಹಸಿ ಅಂತ ಹೇಳಿದರು. ಆಗಿದ್ದಷ್ಟನ್ನ ಮಾತ್ರ ಸುಲಿಸಿದ್ವಿ. ಎರಡು ಹಸುವಿನಲ್ಲಿ ಒಂದನ್ನ ಮಾರಿಸಿದರು. ಅಮ್ಮ ಬೆಂಗಳೂರಲ್ಲಿ ಇರಬೇಕಾಗುತ್ತೆ, ಎರಡಕ್ಕೆ ಹುಲ್ಲು ನೀರು ನೋಡೋರು ಯಾರು ಅನ್ನೋದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ಮೋಟ್ರು ಹಾಕೋದು ಯಾರು, ಸೊಸೈಟಿ ಸಾಲದ ಕಂತು ಯಾವಾಗ, ಎಲ್ಲಾ ನೋಟ್‌ಬುಕ್ಕಲ್ಲಿ ಬರೆಸಿದರು. ಕೊನೆಗೆ, "ಈ ಸಲ ಕೆಡವಿದ್ ಕಾಯ್ನೂ ಅಟ್ಟಕ್ಕೇ ಹಾಕ್ಸಿ" ಅಂದರು. ಹಸಿಗಾಯಿ ಮಾರಿದ್ರೆ ಈಗಲೇ ದುಡ್ಡು ಬರುತ್ತಲ್ಲಾ ಅಂತ ತಮ್ಮ. "ಮುಂದಿನ್ ವರ್ಷ ನಾನೇ ಸುಲಿಸ್ತೀನಿ ಕಣಪ್ಪ" ಅಂದುಬಿಟ್ಟರು. ಚಿಕ್ಕಪ್ಪ ಎದ್ದು ಹೊರಗೆ ಹೋದರು.

(ಆ ಕಾಯಿ ಕೊಬ್ಬರಿಯಾಗುವ ಹೊತ್ತಿಗೆ ದರ ಸ್ವಲ್ಪ ಚೇತರಿಸಿಕೊಂಡಿತ್ತು. ಅಪ್ಪ ಮಾರಿದ್ದೂ ಆಯ್ತು. 2025ರಲ್ಲಿ ಕ್ವಿಂಟಾಲಿಗೆ 25 ಸಾವಿರ ದಾಟಿದಾಗ ನಮ್ಮ ಅಟ್ಟದಲ್ಲಿ ಇದ್ದದ್ದು ಕಡಿಮೆಯೇ. ಕ್ಯಾನ್ಸರಿಗಿಂತ ಅದರ ಬಗ್ಗೆಯೇ ಅಪ್ಪ ಹೆಚ್ಚು ದಿನ ಕೊರಗಿದರು ಅಂತ ಅಮ್ಮನ ಅಭಿಪ್ರಾಯ.)

ಆಪರೇಷನ್ ಆಯ್ತು. ಎಡಗಡೆಯ ದವಡೆ, ಕುತ್ತಿಗೆಯ ಗ್ರಂಥಿಗಳು ತೆಗೆದು, ಎದೆಯ ಮಾಂಸ ಚರ್ಮ ತಂದು ಕೆನ್ನೆ ಒಳಗೆ ಹೊಲಿದರು. ಉಸಿರಾಟಕ್ಕೆ ಗಂಟಲಲ್ಲಿ ಒಂದು ನಳಿಗೆ, ಊಟಕ್ಕೆ ಮೂಗಲ್ಲಿ ಇನ್ನೊಂದು. ಮಾತಿಲ್ಲ. ಎಚ್ಚರವಾದ ಮೇಲೆ ನೋಟ್‌ಬುಕ್ ಬೇಕು ಅಂತ ಕೈಸನ್ನೆ ಮಾಡಿದರು. ಏನು ಬರೀತಾರೋ ಅಂತ ನಾನೂ ಅಮ್ಮನೂ ಉಸಿರು ಬಿಗಿಹಿಡಿದು ನಿಂತಿದ್ವಿ. ಸೊಟ್ಟ ಅಕ್ಷರದಲ್ಲಿ ಬರೆದದ್ದು: "ಮೋಟ್ರು ಹಾಕಿದ್ರಾ".

ಮೂಗಿನ ನಳಿಗೆಯಲ್ಲಿ ಊಟ ಕೊಡೋದನ್ನ ಅಮ್ಮ ನರ್ಸ್ ಹತ್ತಿರ ಎರಡೇ ದಿನದಲ್ಲಿ ಕಲಿತರು. ನೇರವಾಗಿ ಕೂರಿಸಬೇಕು, ನಿಧಾನಕ್ಕೆ ಬಿಡಬೇಕು, ಕೊನೆಗೆ ನೀರು ಹಾಕಿ ನಳಿಗೆ ತೊಳೆಯಬೇಕು, ಕೊಟ್ಟ ತಕ್ಷಣ ಮಲಗಿಸಬಾರದು. ಎರಡು ಗಂಟೆಗೊಮ್ಮೆ. ರಾಗಿ ಗಂಜಿಯನ್ನ ತೆಳ್ಳನೆ ಬಟ್ಟೆಯಲ್ಲಿ ಸೋಸಿ, ಬೇಳೆಕಟ್ಟು, ಹಾಲು, ಆಸ್ಪತ್ರೆಯ ಡಯಟಿಷಿಯನ್ ಹೇಳಿದ ಪುಡಿ. ಎದೆಯ ಚರ್ಮ ಕೆನ್ನೆ ಒಳಗೆ ಹೋದದ್ದರಿಂದ ಗಂಡಸರಿಗೆ ಬಾಯೊಳಗೆ ಕೂದಲು ಬೆಳೆಯೋದುಂಟು. ಇದನ್ನ ನಮಗೆ ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. "ಒಳಗೂ ಹೊರಗೂ ಶೇವಿಂಗು" ಅಂತ ಅಪ್ಪ ಬರೆದು ತೋರಿಸಿ ತಾವೇ ನಕ್ಕರು. ನಗು ಅಂತ ಗೊತ್ತಾಗಿದ್ದು ಕಣ್ಣಿನಿಂದ.

ರೇಡಿಯೇಷನ್ ಮೂವತ್ತು ದಿನ, ವಾರಕ್ಕೆ ಐದು. ಲಕ್ಕಸಂದ್ರದಲ್ಲಿ ಒಂದು ರೂಮು ಹಿಡಿದ್ವಿ. ನನ್ನ ಕೆಲಸದ ಲ್ಯಾಪ್‌ಟಾಪ್ ಅಲ್ಲೇ ಒಂದು ಸ್ಟೂಲಿನ ಮೇಲೆ. ಶನಿವಾರ ಬಂದರೆ ಅಪ್ಪನಿಗೆ ಊರಿಗೆ ಹೋಗಲೇಬೇಕು. ಚಿಕಿತ್ಸೆಗೆ ಓಡಾಡೋ ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ರಿಯಾಯಿತಿ ಇದೆ, ಸೆಕೆಂಡ್ ಕ್ಲಾಸಲ್ಲಿ ಶೇ 75, ಜೊತೆಗೆ ಹೋಗೋ ಒಬ್ಬರಿಗೂ. ಆಸ್ಪತ್ರೆಯಲ್ಲಿ ಅದಕ್ಕೊಂದು ಫಾರಂ ಬರೆಸ್ಕೋಬೇಕು. ಮಧ್ಯೆ ಮನೆ ನೋಡ್ಕೊಂಡು ಬರೋಕೆ ಅಮ್ಮ ಒಬ್ಬರೇ ಹೋಗ್ತಿದ್ದಾಗ ಬಸ್ಸು. 2023ರ ಜೂನಲ್ಲಿ ಶಕ್ತಿ ಯೋಜನೆ ಬಂದಿತ್ತಲ್ಲ, ಆಧಾರ್ ತೋರಿಸಿದರೆ ಆಯ್ತು.

ನಾಲ್ಕನೇ ವಾರ ಬಾಯಿ ಗಂಟಲು ಪೂರ್ತಿ ಹುಣ್ಣು. ಉಗುಳು ನುಂಗೋಕೂ ಆಗ್ತಿರಲಿಲ್ಲ. ಹದಿನೆಂಟು ಆಗಿತ್ತು, ಹನ್ನೆರಡು ಬಾಕಿ. ಗುರುವಾರ ಬೆಳಿಗ್ಗೆ ನಾನು ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಗೋಡೆ ಕಡೆ ತಿರುಗಿ ಮಲಗಿದ್ದರು. ನೋಟ್‌ಬುಕ್ಕಲ್ಲಿ ಒಂದೇ ಪದ: "ಸಾಕು".

ಎಲ್ಲಾ ಹೇಳಿ ಒಪ್ಪಿಸಿದ ಮನುಷ್ಯನಿಗೆ ಬೇಡ ಅನ್ನೋ ಹಕ್ಕೂ ಇರುತ್ತೆ. ಇದನ್ನ ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಸುಳ್ಳು ಹೇಳಿ ಕರ್ಕೊಂಡು ಬಂದಿದ್ದರೆ ಇನ್ನೊಂದು ಸುಳ್ಳು ಹೇಳಿ ಎಬ್ಬಿಸಬಹುದಿತ್ತೇನೋ. "ಇವತ್ತು ಬರೀ ಚೆಕಪ್ ಅಪ್ಪ, ಬನ್ನಿ" ಅಂತ. ನನ್ನ ಹತ್ತಿರ ಆ ದಾರಿ ಇರಲಿಲ್ಲ. ಮಧ್ಯೆ ಬಿಟ್ಟರೆ ಚಿಕಿತ್ಸೆಯ ಬಲ ಕಡಿಮೆಯಾಗುತ್ತೆ ಅನ್ನೋದು ನನಗೂ ಗೊತ್ತು, ಅವರಿಗೂ ಗೊತ್ತು. ಅಳು ಬಂತು. ಅಪ್ಪನ ಮುಂದೆಯೇ ಅತ್ತೆ. ಆಮೇಲೆ ಆಸ್ಪತ್ರೆಗೆ ಫೋನ್ ಮಾಡಿ ಇವತ್ತು ಬರ್ತಿಲ್ಲ ಅಂದೆ. ನಾನೊಬ್ಬಳೇ ಹೋಗಿ ಡಾಕ್ಟರನ್ನ ಕಂಡು ನೋವಿನ ಔಷಧಿ ಬದಲಾಯಿಸಿಕೊಂಡು ಬಂದೆ. ಮಧ್ಯಾಹ್ನ ಆ ಔಷಧಿ ನಳಿಗೆಯಲ್ಲಿ ಹೋಯ್ತು. ಎಷ್ಟೋ ದಿನದ ಮೇಲೆ ಅಪ್ಪ ಮೂರು ಗಂಟೆ ನಿದ್ದೆ ಮಾಡಿದರು.

ಶುಕ್ರವಾರ ನಾನು ಏನೂ ಕೇಳಲಿಲ್ಲ. ಏಳು ಗಂಟೆಗೆ ಅವರೇ ಎದ್ದು ಪಂಚೆ ಉಟ್ಟು, ಫೈಲು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲ ಹತ್ತಿರ ನಿಂತರು. ನೋಟ್‌ಬುಕ್ಕಲ್ಲಿ ಕಾಯಿ ಎಣಿಸೋ ಹಾಗೆ ಗೀಟು ಹಾಕ್ತಿದ್ದರಲ್ಲ, ಅಲ್ಲಿ "ಸಾಕು" ಅನ್ನೋದರ ಪಕ್ಕದಲ್ಲಿ ಹತ್ತೊಂಬತ್ತನೇ ಗೀಟು ಬಿತ್ತು.

ನೋಡೋಕೆ ಬರೋ ನೆಂಟರ ವಿಷಯಕ್ಕೂ ಇದು ಅನುಕೂಲವಾಯ್ತು. ಲಕ್ಷ್ಮಣಫಲದ ಎಲೆ, ಯಾವುದೋ ಕಷಾಯ, ಯಾರೋ ಸ್ವಾಮಿಗಳ ಬೂದಿ, ಎಲ್ಲಾ ಬಂತು. ಮುಚ್ಚಿಟ್ಟ ಮನೆಯಲ್ಲಾದರೆ ಇದನ್ನ ತಡೆಯೋದೇ ಒಂದು ಕೆಲಸ. ನಮ್ಮಲ್ಲಿ ಅಪ್ಪನೇ ವಿಚಾರಿಸಿಕೊಂಡರು. "ಮರದ್ ಕಾಂಡ ಸೋರಿದ್ರೆ ಕೆಟ್ಟಿರೋದ್ನ ಉಳಿಯಲ್ಲಿ ಕೆತ್ತಿ ಔಷಧಿ ಬಳೀತೀವಿ. ಗರಿಗೆ ಕಷಾಯ ಹೊಡೀತೀವಾ?" ಅಂತ ಬರೆದು ಮಾವನಿಗೆ ತೋರಿಸಿದರು. ಬೂದಿ ಮಾತ್ರ ಹಣೆಗೆ ಇಟ್ಟುಕೊಂಡರು, ಅದಕ್ಕೇನಂತೆ.

ವಾಟ್ಸಾಪ್ ಗ್ರೂಪ್ ಕೂಡ ನಾನು ಬೇರೆ ಮಾಡಿದೆ, ಅಪ್ಪನನ್ನೂ ಸೇರಿಸಿ. ಮೊದಲ ವಾರ ಅದರಲ್ಲಿ ಯಾರೂ ಮಾತೇ ಆಡಲಿಲ್ಲ. ಆಮೇಲೆ ಚಿಕ್ಕಪ್ಪ ದಿನಾ ಬೆಳಿಗ್ಗೆ ತೋಟದ ಫೋಟೊ ಹಾಕೋಕೆ ಶುರು ಮಾಡಿದರು.

ಈಗ ಅಪ್ಪ ಮುದ್ದೆ ಉಣ್ತಾರೆ, ಸ್ವಲ್ಪ ಸಡಿಲ ಮಾಡಿ, ಖಾರವಿಲ್ಲದ ಬಸ್ಸಾರಲ್ಲಿ ಅದ್ದಿ. ಬಾಯಿ ತೆರೆಯೋ ವ್ಯಾಯಾಮಕ್ಕೆ ಐಸ್‌ಕ್ರೀಂ ಕಡ್ಡಿಗಳನ್ನ ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಡಬೇಕು. ಆರು ಕಡ್ಡಿಯಿಂದ ಶುರುವಾಗಿ ಹದಿಮೂರಕ್ಕೆ ಬಂದಿದ್ದಾರೆ. ಫೋನಲ್ಲಿ ಮಾತಾಡಿದರೆ ಹೊಸಬರಿಗೆ ಅರ್ಥವಾಗಲ್ಲ. ಮಂಡಿಯವರಿಗೆ ಅರ್ಥವಾಗುತ್ತೆ, ದರ ವಿಚಾರಿಸೋದರಲ್ಲಿ ತೊಂದರೆ ಇಲ್ಲ. ಬಾಯಿಯ ಕ್ಯಾನ್ಸರ್ ತಿರುಗಿ ಬರೋದಿದ್ದರೆ ಹೆಚ್ಚಾಗಿ ಮೊದಲ ಎರಡು ವರ್ಷದೊಳಗೆ ಅಂತಾರೆ. ಅಷ್ಟು ದಾಟಿದ್ದೀವಿ. ಆದರೂ ಪ್ರತಿ ಚೆಕಪ್ಪಿನ ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆ ಬರಲ್ಲ.

ಹೋದ ತಿಂಗಳು ಪಕ್ಕದ ಹಳ್ಳಿಯಿಂದ ಒಬ್ಬ ಹುಡುಗ ಬಂದಿದ್ದ. ಅವರಪ್ಪನಿಗೆ ಹೊಟ್ಟೆಯದು. "ಅವ್ರಿಗೆ ಹೇಳಿಲ್ಲ ದೊಡ್ಡಪ್ಪ, ನೀವೂ ಸಿಕ್ಕಿದ್ರೆ ಹೇಳ್ಬೇಡಿ, ಆಸ್ಪತ್ರೆ ದಾರಿ ಮಾತ್ರ ಹೇಳ್ಕೊಡಿ" ಅಂದ. ಅಪ್ಪ ದಾರಿ ಹೇಳಿಕೊಟ್ಟರು, ಯಾವ ಕಾಗದ ಬೇಕು ಅಂತಲೂ ಹೇಳಿದರು. ಅವನು ಹೊರಟಾಗ ಒಂದು ಹೊಸ ನೋಟ್‌ಬುಕ್ ಕೊಟ್ಟು, "ಇದ್ನ ನಿಮ್ಮಪ್ಪನ್ ಕೈಗೆ ಕೊಡು" ಅಂದರು. ಕೊಟ್ಟನೋ ಇಲ್ಲವೋ ಇನ್ನೂ ಸುದ್ದಿ ಇಲ್ಲ.

ಅಪ್ಪನ ಮುಂದಿನ ಚೆಕಪ್ಪು ಬರೋ ತಿಂಗಳು. ಫೈಲು ಕಬ್ಬಿಣದ ಟ್ರಂಕಲ್ಲಿ ಜಮೀನಿನ ಪಹಣಿ ಜೊತೆ ಇದೆ. ಬೀಗದ ಕೈ ಅವರ ಉಡಿದಾರದಲ್ಲಿ.